ಡಿಸ್ಕಿನ ಪಾಲಿನ ಗಾಳಿ

ಹೋದ ವಾರ ಶಿಕಾರಿಪುರದಲ್ಲಿ ನಾನು ಗಾಳಿ ಕದ್ದೆ. ನಗಬೇಡಿ. ಕುರ್ಚಿ ಮೇಲೆ ಕೂತು, ಟೀ ಕುಡಿಯುತ್ತಾ, ಹಾಡಹಗಲೇ ಎರಡು ಗಂಟೆ ಕದ್ದೆ.

ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ರುದ್ರೇಶನ ಡಿಟಿಪಿ ಸೆಂಟರ್ ಇದೆ. ಮದುವೆ ಕಾರ್ಡು, ಹ್ಯಾಂಡ್‌ಬಿಲ್ಲು, ಶಿವಗಣಾರಾಧನೆಯ ಪತ್ರ ಎಲ್ಲ ಅಲ್ಲೇ. ಬೆಂಗಳೂರಿನ ಪ್ರೆಸ್ಸೊಂದು ಬೇಡವೆಂದು ಮಾರಿದ ಹಾರ್ಡ್ ಡಿಸ್ಕನ್ನು ಅವನು ತಂದು ಹಾಕಿಕೊಂಡಿದ್ದ. ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುತ್ತದಂತೆ! ಫೋಟೋ ಫೈಲುಗಳೆಲ್ಲ ಚಕಾಚಕ್ ತೆರೆಯುತ್ತವೆ.

ಆದರೆ ವೇಗ ಅಂದರೆ ಬಿಸಿ. ಮುಟ್ಟಿದರೆ ಬೆರಳು ಚುರುಕ್ ಅನ್ನುತ್ತದೆ. ಇಂಥ ಡಿಸ್ಕಿನ ಎದುರಿಗೇ ಪುಟ್ಟ ಫ್ಯಾನ್ ಕೂರಿಸಬೇಕು, ಮೇಲೆ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ಆ ಫ್ಯಾನ್ ತರಿಸಿಕೊಡುತ್ತೇವೆ ಅಂತ ಶಿವಮೊಗ್ಗದ ಅಂಗಡಿಯವರು ಹೇಳಿ ತಿಂಗಳಾಗಿತ್ತು. ಅಲ್ಲಿಯತನಕ ಇರಲಿ ಅಂತ ರುದ್ರೇಶ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಮನೆಯ ಟೇಬಲ್ ಫ್ಯಾನನ್ನು ಅದರೆದುರು ಇಟ್ಟಿದ್ದ. ಇದನ್ನೆಲ್ಲ ಹಿಂದಿನ ಸಲ ಅವನೇ ನನಗೆ ವಿವರಿಸಿದ್ದ. ಅಂದರೆ ನನಗೆ ಗೊತ್ತಿತ್ತು.

ಸೊರಬದಿಂದ ಬಸ್ಸಿನಲ್ಲಿ ನಿಂತೇ ಬಂದವನು, ಬೆವರು ಒರೆಸಿಕೊಳ್ಳುತ್ತಾ ಒಳಗೆ ಹೋದೆ. ನನ್ನದೊಂದು ಪುಸ್ತಕದ ಪ್ರೂಫ್ ನೋಡುವುದಿತ್ತು.

“ಬರ್ರಿ ಸರ್, ಕುಂದರ್ರಿ. ಭಾಳ ಸೆಕಿ ಐತಿ” ಅಂದ ರುದ್ರೇಶ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದ.

ಬೇಡ್ರೀ, ಅದು ಮಿಷನ್ನಿಗೇ ಇರಲಿ ಅಂದೆ. ಒಂದು ಸಲ ಅಂದೆ.

ನಮ್ಮ ಕಡೆಯ ಮೊದಲನೇ ‘ಬೇಡ’ಕ್ಕೆ ಎಷ್ಟು ಬೆಲೆ ಅಂತ ನಿಮಗೆ ಗೊತ್ತಲ್ಲ? ಊಟಕ್ಕೆ ಏಳಿ ಅಂದರೆ ಬೇಡ, ಹೋಳಿಗೆ ಹಿಡಿದು ಬಂದರೆ ಬೇಡ. ಎರಡನೇ ಸಲ, ಮೂರನೇ ಸಲ ಕೈ ಅಡ್ಡ ಹಿಡಿದರೆ ಮಾತ್ರ ಅದು ನಿಜವಾದ ಬೇಡ. ನಾನು ಎರಡನೇ ಸಲ ಹೇಳಲಿಲ್ಲ. ಗಾಳಿ ಹಿತವಾಗಿತ್ತು ಕಣ್ರೀ!

ಹತ್ತು ನಿಮಿಷದ ಪ್ರೂಫ್ ಕೆಲಸ. ಆಮೇಲೆ ಶುರುವಾಯಿತು ನನ್ನ ಭಾಷಣ. ರುದ್ರೇಶ ಎರಡು ಸಲ ಎದ್ದು ಡಿಸ್ಕ್ ಮುಟ್ಟಿ ನೋಡಿದ. ಒಮ್ಮೆ ಫ್ಯಾನಿನ ಮೇಲೂ ಕೈಯಿಟ್ಟ, ನನ್ನ ಮುಖ ನೋಡಿ ತೆಗೆದ. ಪತ್ರಿಕೆಗೆ ಬರೆಯುವ ಮನುಷ್ಯ, ವಯಸ್ಸಿನಲ್ಲಿ ದೊಡ್ಡವರು. ಅಂಥವರಿಂದ ಗಾಳಿ ಕಿತ್ತುಕೊಳ್ಳುವುದು ಹೇಗೆ? ಎರಡು ಗಂಟೆಯಾಗುವ ಹೊತ್ತಿಗೆ ಸ್ಕ್ರೀನು ಸ್ತಬ್ಧವಾಯಿತು. ಒಳಗಿಂದ ಕಟಕಟ ಸದ್ದು ಬಂತು, ಕೊನೆಗೆ ಅದೂ ನಿಂತಿತು.

ಹೋಗಿದ್ದು ನನ್ನ ಪುಸ್ತಕವಲ್ಲ. ನನ್ನ ಪ್ರೂಫ್ ಕಾಗದದ ಮೇಲೆ ಭದ್ರವಾಗಿತ್ತು. (ನಮ್ಮಂಥವರಿಗೆ ಏನೂ ಆಗುವುದಿಲ್ಲ ನೋಡಿ.) ಹೋಗಿದ್ದು ಗಿರಿಜಮ್ಮನವರದ್ದು.

ಗಿರಿಜಮ್ಮ ಸೊರಬದ ರಿಟೈರ್ಡ್ ಮೇಡಂ. ಆರು ವರ್ಷದಿಂದ ಕುರಿ ಕಾಯುವವರ ಹಿಂದೆ ಟೇಪ್ ರೆಕಾರ್ಡರ್ ಹಿಡಿದು ಅಲೆದು, ಅವರ ಮಾತುಗಳ ಕೋಶವೊಂದನ್ನು ಕಟ್ಟುತ್ತಿದ್ದರು. ಈಸೂರಿನ ಕಡೆಯ ಬೀರಜ್ಜನೊಬ್ಬನೇ ಅರ್ಧ ಪುಸ್ತಕದಷ್ಟು ಹೇಳಿದ್ದ. ರುದ್ರೇಶನ ಕಂಪ್ಯೂಟರಿನಲ್ಲಿ ಟೈಪ್ ಮುಗಿದ ಹಾಗೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಬ್ಬರ ಮಾತು ತುಂಬಿಸುತ್ತಿದ್ದರು. ಪೆನ್ಶನ್ನಿನಲ್ಲಿ ಎಷ್ಟು ಕ್ಯಾಸೆಟ್ ಕೊಳ್ಳುತ್ತಾರೆ ಪಾಪ? ಬೀರಜ್ಜ ಹೋದ ದೀಪಾವಳಿಗೆ ತೀರಿಕೊಂಡ. ಫ್ಲಾಪಿಗೆ ಹಾಕಿಡಲಿಲ್ಲವಾ ಅಂತ ಕೇಳುತ್ತೀರಿ. ಪುಸ್ತಕ ಮುಗಿದ ಮೇಲೆ ಒಟ್ಟಿಗೆ ಹಾಕಿದರಾಯಿತು ಅಂದುಕೊಂಡಿದ್ದರು. ಡಿಸ್ಕನ್ನು ನೋಡಿದ ಶಿವಮೊಗ್ಗದವರು ಕೈಚೆಲ್ಲಿದರು.

ತಾಯಿ ಸತ್ತ ಕುರಿಮರಿ ಬೇರೆ ಕುರಿಯ ಹಾಲು ಕುಡಿಯಲು ಕಲಿತರೆ ಅದಕ್ಕೇ ಒಂದು ಹೆಸರಿದೆಯಂತೆ. ಗಿರಿಜಮ್ಮ ಒಮ್ಮೆ ನನಗೆ ಹೇಳಿದ್ದರು, ನಾನು ವಾಹ್ ಅಂದಿದ್ದೆ. ಈಗ ನೆನಪಿಲ್ಲ. ಅವರಿಗೂ ನೆನಪಿಲ್ಲವಂತೆ, ಹೇಗೂ ಕಂಪ್ಯೂಟರಿನಲ್ಲಿದೆಯಲ್ಲ ಅಂತ ತಲೆಯಿಂದ ಇಳಿಸಿಬಿಟ್ಟಿದ್ದರಂತೆ.

ರುದ್ರೇಶ ಅವರಿಗೆ ವೋಲ್ಟೇಜ್ ಏರಿಳಿತದಿಂದ ಹೀಗಾಯಿತು ಅಂದಿದ್ದಾನೆ. ನನ್ನ ಮರ್ಯಾದೆ ಉಳಿಸಲು. ಅದನ್ನು ನನಗೆ ಫೋನ್ ಮಾಡಿ ತಿಳಿಸಿಯೂ ಇದ್ದ, ನಾಳೆ ಇಬ್ಬರ ಮಾತೂ ಒಂದೇ ಇರಲಿ ಅಂತ.

ಮೊನ್ನೆ ಗಿರಿಜಮ್ಮ ಮನೆಗೆ ಬಂದರು. ಅಳಲಿಲ್ಲ. ಕೂತ ಮೇಲೆ ತುಂಬ ಹೊತ್ತು ಸೆರಗಿನ ಅಂಚು ನೀವುತ್ತಿದ್ದರು.

“ನೀವು ಅಲ್ಲೇ ಇದ್ರಂತಲ್ಲ ಸರ್. ಕರೆಂಟ್ ಅಷ್ಟು ತೊಂದ್ರೆ ಮಾಡ್ತಾ?”

ನನ್ನ ಮುಖದೆದುರು ಎರಡು ಗಂಟೆ ಒಂದೇ ಸಮ ತಿರುಗಿದ ಫ್ಯಾನಿಗೆ ಗೊತ್ತು ಕರೆಂಟ್ ಹೇಗಿತ್ತು ಅಂತ. ನಾನು ಹೂಂ ಅಂದೆ. ಥೂ ನನ್ನ ಜನ್ಮಕ್ಕೆ! ಗಾಳಿ ಬೇಡ ಅಂತ ಎರಡು ಸಲ ಹೇಳಲಾಗದ ಬಾಯಿಗೆ ಸುಳ್ಳು ಮಾತ್ರ ಒಂದೇ ಏಟಿಗೆ ಬಂತು.

ಅವರು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ, “ಬಿಡಿ ಸರ್, ನಮ್ಮ ಹಣೆಬರಹ. ಆದ್ರೆ ಕರೆಂಟಿನೋರ ಮೇಲೆ ನಿಮ್ಮ ಅಂಕಣದಲ್ಲಿ ಒಂದ್ಸಲ ಬರೀರಿ. ನೀವು ಬರೆದ್ರೆ ನಾಟುತ್ತೆ” ಅಂದರು.

ಗಿರಿಜಮ್ಮನವರೇ, ಬರೆದಿದ್ದೇನೆ; ಕರೆಂಟಿನವರದ್ದು ಏನೂ ತಪ್ಪಿಲ್ಲ.