ಹಸಿ ಗೇರುಬೀಜದ ಪಲ್ಯ

ಬೆಳಿಗ್ಗೆ ಪಕ್ಕದ ಮನೆಯಿಂದ ತೊಂಡೆಕಾಯಿ, ಹಸಿ ಗೇರುಬೀಜ ಕೂಡಿ ತೆಂಗಿನೆಣ್ಣೆಯಲ್ಲಿ ಬೇಯುವ ಪರಿಮಳ ಬಂತು. ಓದುತ್ತಿದ್ದ ಪೇಪರು ಮಡಿಚಿಟ್ಟೆ.

ಒಣಗಿದ ಗೇರುಬೀಜವನ್ನು, ಅಂದರೆ ಅಂಗಡಿಯ ಗೋಡಂಬಿಯನ್ನಷ್ಟೇ ಕಂಡವರಿಗೆ ಇದನ್ನು ವಿವರಿಸುವುದು ಕಷ್ಟ. ಚಳಿ ಇಳಿದು ಮಾವಿನ ಮಿಡಿ ಉದುರುವ ಹೊತ್ತಿಗೆ, ಸಿಪ್ಪೆ ಇನ್ನೂ ಹಸಿರಿರುವಾಗಲೇ ಬೀಜ ಸೀಳಿ ತಿರುಳು ತೆಗೆಯಬೇಕು. ಎಳೆ ತೆಂಗಿನಕಾಯಿಯಷ್ಟು ಮೆತ್ತಗಿರುತ್ತದೆ. ಸಿಪ್ಪೆಯ ಸೊನೆ ಮಾತ್ರ ಕೆಟ್ಟದ್ದು. ತಾಗಿದಲ್ಲೆಲ್ಲ ಚರ್ಮ ಸುಟ್ಟು ಸುಲಿಯುತ್ತದೆ, ಕೈಗೆ ಎಣ್ಣೆ ಹಚ್ಚಿಕೊಂಡರೂ ಪೂರ್ತಿ ತಪ್ಪದು. ನಾನಂತೂ ಈ ಪಲ್ಯಕ್ಕೆ ಎಂದೂ ಕೈ ಹಾಕಿದವನಲ್ಲ, ಬಾಯಿ ಹಾಕಿದವನು.

ಹೊನ್ನಾವರದ ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕ ಗಂಗೆಯದು. ಮೆಟ್ಟುಗತ್ತಿಯ ಮುಂದೆ ಕೂತಳೆಂದರೆ ಕೈಗಿಂತ ಬಾಯಿ ಜೋರು. ಬಾವಿಕಟ್ಟೆಯ ಜಗಳ, ಕುಮಟೆಯ ಬಸ್ಸಿನಲ್ಲಿ ಕಂಡವರ ಗತ್ತು, ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುವಳು. ಪಲ್ಯಕ್ಕೆ ಉಗುಳು ಬಿದ್ದೀತೆಂದು ಗದರುತ್ತಿದ್ದ ನಮ್ಮಮ್ಮ, ಆಯಿಯೇ ಮೊದಲು ನಗುತ್ತಿದ್ದಳು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಬೆಳಕೆ ಊರಿನ ಸೋದರಮಾವ ಒಂದು ಚೀಲ ಹಸಿಬೀಜ ಕಳಿಸಿದ್ದ. ಆಯಿಗೆ ಜ್ವರ. ಅಕ್ಕ ವಾರವಿಡೀ ಒಬ್ಬಳೇ ಸೀಳಿದಳು. ಬೆರಳುಗಳು ಕಪ್ಪಾಗಿ, ಸುಲಿದು, ಕೆಳಗಿನ ಹೊಸ ಚರ್ಮ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿದ್ದಾಗಲೇ ಅವಳನ್ನು ನೋಡಲು ಗಂಡಿನವರು ಬಂದರು. ಹುಡುಗ ಕುಮಟೆಗೆ ಹೊಸದಾಗಿ ಬಂದ ಮೇಷ್ಟರು. ಜೊತೆಗೆ ಅವರನ್ನು ಸಾಕಿದ ಅತ್ತೆ. ಧಾರವಾಡದಲ್ಲೇ ಹುಟ್ಟಿ ಬೆಳೆದವರು, ಗೇರುಮರ ಕಂಡವರಲ್ಲ.

ಊಟಕ್ಕೆ ಅದೇ ಪಲ್ಯ. ಬಡಿಸಿದವಳು ಅಕ್ಕನೇ. ಮೇಷ್ಟರು ಎರಡನೇ ಸಲ ಹಾಕಿಸಿಕೊಂಡು, ಇದು ಎಂಥ ಕಾಯಿ ಎಂದು ಅವಳನ್ನೇ ಕೇಳಿದರು. ಅಕ್ಕ ಪಾತ್ರೆ ಹಿಡಿದು ನಿಂತಲ್ಲೇ ಹೇಳತೊಡಗಿದಳು. ಮರ, ಸೊನೆ, ಕದಿಯಲು ಬರುವ ಮಂಗಗಳು. "ಬೀಜ ಬಲಿಯಲೆ ಬಿಡಲಾಗ" ಎಂದು, ಬಲಿಯುವ ಮೊದಲೇ ಕೊಯ್ಯಬೇಕೆಂದು ಮೇಷ್ಟರಿಗೇ ಪಾಠ ಹೇಳಿದಳು. ಮೇಷ್ಟರು ನಗುತ್ತಾ ಊಟ ಮರೆತು ಕೇಳಿದರು. ಅಷ್ಟು ದೂರದಲ್ಲಿ ಕೂತಿದ್ದ ಅತ್ತೆಯ ಕಿವಿಗೆ ಅದೆಷ್ಟು ಬಿತ್ತೋ, ಅವರ ಕಣ್ಣು ಅಕ್ಕನ ಕೈಬೆರಳಲ್ಲೇ ಇತ್ತು.

ಜಾತಕ ಕೂಡಲಿಲ್ಲ ಎಂದು ಸಂಬಂಧ ತಂದಿದ್ದ ಸುಬ್ಬಣ್ಣಮಾವ ಬಂದು ತಿಳಿಸಿದ. ಅಪ್ಪ ನಂಬಿದರು. ಗಂಡಸರೆದುರು ಅಷ್ಟು ಮಾತಾಡಬಾರದಿತ್ತು ಎಂದು ಆಯಿ ಒಂದೇ ಒಂದು ಸಲ ಅಂದಳು. ಆಮೇಲೆ ನೋಡಲು ಬರುತ್ತೇವೆಂದ ಬೇರೆಯವರೂ ಬರಲಿಲ್ಲ. ಅಕ್ಕ ಭಟ್ಕಳದ ಶಾಲೆಯೊಂದರಲ್ಲಿ ಕೆಲಸ ಹಿಡಿದಳು. ರಜೆಗೆ ಬಂದರೆ ಮೊದಲಿನಂತೆಯೇ ಬೀಜ ಸೀಳುವಳು. ಆದರೆ ಕತ್ತಿಯ ಸದ್ದಷ್ಟೇ ಕೇಳುತ್ತಿತ್ತು. ಶಾಲೆಯಲ್ಲಿ ಕೂಗಿ ಕೂಗಿ ದಣಿದಿದ್ದಾಳೆ ಎಂದುಕೊಂಡೆ.

ಆರೆಂಟು ವರ್ಷ ಕಳೆದು ನನ್ನ ಮದುವೆ. ಅಕ್ಕ ಬಡಿಸುತ್ತಾ ಬಂದಾಗ ಸುಬ್ಬಣ್ಣಮಾವ ಎಲೆಯ ಮುಂದೆ ಕೂತವನು ಅವಳ ಕೈಯನ್ನೇ ನೋಡಿದ.

"ನಿನ್ನ ಕೈ ಸಮ ಇದ್ದಲೇ ಕೂಸೆ, ಒಂದು ಕಲೆಯೂ ಇಲ್ಲೆ" ಎಂದ.

ಆಮೇಲೆ ಒಳಗೆ ಬಂದು ಕೂತು, ಅಳುಕುತ್ತಾ ಎಲ್ಲ ಹೇಳಿದ. ಧಾರವಾಡದ ಅತ್ತೆ ಅಕ್ಕನ ಬೆರಳ ಬಿಳಿಯನ್ನು ತೊನ್ನು ಎಂದುಕೊಂಡಿದ್ದರು. ಮೇಷ್ಟರು ಒಪ್ಪಿದ್ದರೂ ಅತ್ತೆ ಬಿಡಲಿಲ್ಲ. ಮಾತು ನಾಲ್ಕು ಮನೆಗೆ ಹಬ್ಬಿತು. ಇವನೂ ಅದನ್ನೇ ನಂಬಿ, ನಮಗೆ ನೋವಾದೀತೆಂದು ಜಾತಕದ ಹೆಸರು ಹೇಳಿದ್ದ. ಮೇಷ್ಟರಿಗೆ ಆಗಲೇ ಬೇರೆ ಮದುವೆಯಾಗಿ ಮಕ್ಕಳಿದ್ದರು.

ಆಯಿ ಸೆರಗು ಬಾಯಿಗೊತ್ತಿಕೊಂಡಳು. ಅಕ್ಕ ಕೇಳಿದಳು:

"ಹಂಗಾದ್ರೆ ಆನು ಮಾತಾಡಿದ್ದಕ್ಕಲ್ದಾ?"

ಅವಳು ಎದ್ದು ಪಾಯಸದ ಪಾತ್ರೆ ಹಿಡಿದು ಮುಂದಿನ ಪಂಕ್ತಿಗೆ ಬಡಿಸಲು ಹೋದಳು. ಮರಳಿ ಮಾತು ಬರುತ್ತದೆಂದು ಕಾದೆ. ಬರಲಿಲ್ಲ, ಅಷ್ಟು ವರ್ಷ ಬಾಯಿ ಬಿಗಿದು ರೂಢಿಯಾಗಿಬಿಟ್ಟಿತ್ತು.

ಅಕ್ಕ ಈಗಿಲ್ಲ. ಫೋಟೋ ನೋಡಿ ಮೊಮ್ಮಗಳು ಈ ಅಜ್ಜಿ ಹೇಗಿದ್ದಳೆಂದು ಕೇಳಿದಾಗಲೆಲ್ಲ, ಬಹಳ ಗಂಭೀರ, ಮಾತು ಕಡಿಮೆ ಎನ್ನುತ್ತಿದ್ದೆ. ಇವತ್ತು ಮಧ್ಯಾಹ್ನ ಮೊಮ್ಮಗಳನ್ನು ಕರೆದು ಕೂರಿಸಿಕೊಂಡು, ಕುಮಟೆಯ ಬಸ್ಸಿನಲ್ಲಿ ಕಂಡವರ ಗತ್ತನ್ನು ಅಕ್ಕನ ದನಿಯಲ್ಲಿ ಹೇಳಲು ಹೋದೆ. ಅರ್ಧಕ್ಕೇ ನಿಂತೆ. ಮಾತುಗಳೆಲ್ಲ ನೆನಪಿದ್ದವು, ದನಿ ನೆನಪಿರಲಿಲ್ಲ.