ಹಾಲಿನಲ್ಲಿಟ್ಟ ಹಲ್ಲಿನ ಚೂರು

ಹೋದ ತಿಂಗಳು ಮಗಳ ಶಾಲೆಯಿಂದ ಫೋನು ಬಂತು, ಮಗು ಬಿದ್ದಿದ್ದಾಳೆ ಎಂದು. ಎದ್ದೆನೋ ಬಿದ್ದೆನೋ ಎಂದು ಓಡಿದೆ. ಪಿಟಿ ಮಿಸ್ ನನ್ನ ಕೈಗೊಂದು ಪುಟ್ಟ ಸ್ಟೀಲ್ ಡಬ್ಬಿ ಕೊಟ್ಟರು. ಮುಚ್ಚಳ ತೆಗೆದರೆ ತಣ್ಣನೆಯ ಹಾಲು, ತಳದಲ್ಲಿ ಮಗಳ ಮುಂದಿನ ಹಲ್ಲಿನ ಚೂರು. ಆ ಹಾಲಿನ ವಾಸನೆಗೆ ನನಗೆ ಅಗ್ರಹಾರದ ನಮ್ಮ ಹಳೇ ಮನೆಯ ಜಗಲಿ ನೆನಪಾಯಿತು. ಅಲ್ಲಿ ಇಂಥದ್ದೇ ಹಾಲಿನ ಲೋಟ ಹಿಡಿದು ನಿಂತಿದ್ದ ಎದುರುಮನೆ ಆಂಟಿ ನೆನಪಾದರು...

ನಾನು ಹುಟ್ಟಾ ಅನುಮಾನದ ಪಿಶಾಚಿ. ಅದು ಅಜ್ಜಿ ಕೊಟ್ಟ ಬಳುವಳಿ. ಯಾರಾದರೂ ಸುಮ್ಮನೆ ನಕ್ಕರೂ ಅವರಿಗೇನೋ ಬೇಕಾಗಿದೆ ಎನ್ನುತ್ತಿದ್ದರು ಅಜ್ಜಿ. ಎದುರುಮನೆಗೆ ಬಾಡಿಗೆಗೆ ಬಂದಿದ್ದ ಆಂಟಿಯೋ, ಎಲ್ಲರನ್ನೂ ನೋಡಿ ನಗುತ್ತಿದ್ದರು. ಒಬ್ಬರೇ ಇದ್ದರು. ಭಾನುವಾರ ಚರ್ಚಿನಿಂದ ಬಂದು ಬೀದಿಯ ಮಕ್ಕಳಿಗೆಲ್ಲ ಬಿಸ್ಕತ್ತು ಹಂಚುತ್ತಿದ್ದರು. ನಾನೂ ತಿನ್ನುತ್ತಿದ್ದೆ, ಮೊದಲು ಮೂಸಿ ನೋಡಿ. ಎಲ್ಲಕ್ಕಿಂತ ಹೆದರಿಕೆಯಾಗುತ್ತಿದ್ದುದು ಅವರ ಕಿಟಕಿಯನ್ನು ನೋಡಿದರೆ. ಅಲ್ಲಿ ಬಿಳಿಯ ದವಡೆಗಳು ಸಾಲಾಗಿ ಬಿಸಿಲಿಗೆ ಒಣಗುತ್ತಿದ್ದವು. ಅವರು ಹಲ್ಲಿನ ಸೆಟ್ ಮಾಡುವ ಕಡೆ ಕೆಲಸಕ್ಕಿದ್ದಾರೆ, ಅವು ಪ್ಲಾಸ್ಟರಿನ ಅಚ್ಚುಗಳು ಎಂದು ಅಪ್ಪ ಹೇಳಿದ್ದರು. ನಾನು ನಂಬಿರಲಿಲ್ಲ.

ಆಗ ನಾನು ನಾಲ್ಕನೇ ಕ್ಲಾಸು. ಕುಂಟೆಬಿಲ್ಲೆ ಆಡುತ್ತ ಮುಗ್ಗರಿಸಿ ಜಗಲಿಯ ಕಲ್ಲಿಗೆ ಮುಖ ಜಜ್ಜಿಕೊಂಡೆ. ಹಾಲುಹಲ್ಲು ಬಿದ್ದು ಹೊಸದಾಗಿ ಬಂದಿದ್ದ ಮುಂದಿನ ಹಲ್ಲು ಅರ್ಧಕ್ಕೆ ಮುರಿಯಿತು. ಅಳು ಕೇಳಿ ಮೊದಲು ಓಡಿಬಂದವರು ಆಂಟಿ. ನನ್ನ ಬಾಯಿ ನೋಡಿದರು, ಮರುಗಳಿಗೆ ಮಂಡಿಯೂರಿ ನೆಲ ತಡಕಿದರು. ಚೂರು ಸಿಕ್ಕಿತು.

"ಅಮ್ಮಾ, ಒಂದ್ ಲೋಟದಲ್ಲಿ ಸ್ವಲ್ಪ ತಣ್ಣಗಿರೋ ಹಾಲು ಕೊಡಿ. ಇದು ಒಣಗಬಾರ್ದು. ಬೇಗ ಹೋದ್ರೆ ನಮ್ ಡಾಕ್ಟ್ರು ಅಂಟಿಸ್ತಾರೆ" ಎಂದರು ಅಜ್ಜಿಗೆ.

ಅಜ್ಜಿ ಹಾಲೇನೋ ಕೊಟ್ಟರು. ಆಂಟಿ ಅದರಲ್ಲಿ ಚೂರು ಹಾಕಿ, ಲೋಟವನ್ನು ಜಗಲಿಯ ಮೇಲಿಟ್ಟು, ಆಟೋ ಕರೆಯಲು ಬೀದಿ ಕೊನೆಗೆ ಓಡಿದರು. ಅವರು ಅತ್ತ ಹೋದದ್ದೇ ಅಜ್ಜಿ ನನ್ನ ಕಿವಿಗೆ ಬಾಯಿಟ್ಟು, "ಅವ್ಳಿಗ್ಯಾಕೇ ನಿನ್ ಹಲ್ಲು? ಕೂದ್ಲು, ಉಗುರು, ಹಲ್ಲು ಕಂಡೋರ ಕೈಗೆ ಸಿಗಬಾರ್ದು ಕಣೇ" ಎಂದರು.

ನನಗೆ ಅಷ್ಟು ಸಾಕಾಗಿತ್ತು. ಲೋಟಕ್ಕೆ ಬೆರಳು ಹಾಕಿ ಚೂರು ತೆಗೆದೆ. ಹಾಲುಹಲ್ಲು ಬಿದ್ದಾಗೆಲ್ಲ ಮಾಡುತ್ತಿದ್ದ ಹಾಗೆ, ಬಾಗಿಲು ಸಾರಿಸಲು ಇಟ್ಟಿದ್ದ ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲಕ್ಕೆ ಎಸೆದುಬಿಟ್ಟೆ. ಹೊಸ ಹಲ್ಲು ಬರುತ್ತದೆಂದು ನನಗೂ ನಂಬಿಕೆ, ಅಜ್ಜಿಗೂ ನಂಬಿಕೆ.

ಆಟೋ ತಂದ ಆಂಟಿ ಲೋಟದೊಳಗೆ ಬಗ್ಗಿ ನೋಡಿದರು. ನಾನು ಸೂರಿನ ಕಡೆ ಬೆರಳು ತೋರಿಸಿದೆ. ಅವರು ಬೈಯಲಿಲ್ಲ. ಏಣಿ ತಂದು, ಸೆರಗು ಸಿಕ್ಕಿಸಿ ಹತ್ತಿ, ಹೆಂಚಿನ ಸಂದಿಯಲ್ಲೆಲ್ಲ ಹುಡುಕಿದರು... ಬಹಳ ಹೊತ್ತು. ಚೂರು ಸಿಗಲಿಲ್ಲ.

"ಇದು ಮತ್ತೆ ಬರೋ ಹಲ್ಲಲ್ಲ ಕಣಮ್ಮ" ಎಂದರು ಮೇಲಿನಿಂದಲೇ.

ಕೆಳಗೆ ಸೇರಿದ್ದ ಬೀದಿಯವರ ಕಣ್ಣಿಗೆ ಮಾತ್ರ ಅವರು ಯಾರದೋ ಮಗುವಿನ ಹಲ್ಲಿಗಾಗಿ ಸೂರು ಹತ್ತಿದ ಹೆಂಗಸಾಗಿ ಕಂಡರು. ಆ ಕಥೆಗೆ ಉಪ್ಪುಖಾರ ಹಚ್ಚಿದವಳು ನಾನು. ಕಿಟಕಿಯಲ್ಲಿ ಇರುವುದೆಲ್ಲ ಮಕ್ಕಳ ಹಲ್ಲೇ, ನಾನೇ ಕಣ್ಣಾರೆ ಕಂಡೆ ಎಂದು ಮನೆಮನೆಗೆ ಹೇಳಿಕೊಂಡು ಬಂದೆ. ಅಜ್ಜಿ ಹೇಳಿಸಿದ್ದಲ್ಲ, ಯಾರೂ ಹೇಳಿಸಿದ್ದಲ್ಲ. ಮಕ್ಕಳು ಬಿಸ್ಕತ್ತಿಗೆ ಹೋಗುವುದನ್ನು ನಿಲ್ಲಿಸಿದರು. ಹೆಂಗಸರು ಆಂಟಿಯನ್ನು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ಕೊನೆಗೆ ಮನೆಯ ಮಾಲೀಕರು ಬೇರೆ ಕಡೆ ನೋಡಿಕೊಳ್ಳಿ ಎಂದರಂತೆ. ಊರಾಚೆಯ ಹಿನಕಲ್ ಕಡೆಗೆ ಸಾಮಾನು ಸಾಗಿಸಿದ ದಿನವೂ ಆಂಟಿ ನನ್ನನ್ನು ನೋಡಿ ನಕ್ಕರು. ನಾನು ಬಾಗಿಲ ಹಿಂದೆ ಅವಿತುಕೊಂಡೆ.

ನನ್ನ ಹಲ್ಲು ಬರಲಿಲ್ಲ. ಇವತ್ತಿಗೂ ಅಲ್ಲಿರುವುದು ಕ್ಯಾಪು.

ಮಗಳ ಡಾಕ್ಟರನ್ನೂ ನಾನು ಬಿಡಲಿಲ್ಲ ಅನ್ನಿ. ಅದೇ ಚೂರು ತಾನೇ, ಅದೇ ತಾನೇ ಎಂದು ಎರಡು ಸಲ ಕೇಳಿದೆ. ಅವರು ನಗುತ್ತಲೇ ಅಂಟಿಸಿ, ಹಾಲಲ್ಲಿ ಇಟ್ಟಿದ್ದು ಒಳ್ಳೆಯದಾಯಿತು ಎಂದರು. ನನಗೆ ಅಲ್ಲೇ ಅಳು ಬಂತು.

ಮುಂದಿನ ಭಾನುವಾರ ಹಿನಕಲ್‌ಗೆ ಹೋದೆ. ಹಲ್ಲಿನ ಸೆಟ್ ಮಾಡುತ್ತಿದ್ದವರು ಎಂದು ಅಂಗಡಿ ಅಂಗಡಿಯಲ್ಲಿ ಕೇಳಿದೆ. ಹಳೇ ದಿನಸಿ ಅಂಗಡಿಯವರೊಬ್ಬರಿಗೆ ನೆನಪಿತ್ತು. "ಅವ್ರು ತೀರಿಕೊಂಡು ನಾಕು ವರ್ಷ ಆಯ್ತು ಕಣ್ರೀ. ನೀವು ಅವ್ರಿಗೇನಾಗ್ಬೇಕು?" ಎಂದರು. ಎದುರುಮನೆಯವಳು ಎಂದಷ್ಟೇ ಹೇಳಿ ಬಂದೆ.

ಸಂಜೆ ಮಗಳು ಕನ್ನಡಿಯ ಮುಂದೆ ನಿಂತು ತನ್ನ ಹಲ್ಲು ನೋಡಿಕೊಂಡಳು, ಆಮೇಲೆ ನನ್ನದನ್ನು ನೋಡಿದಳು.

"ನಿಂದ್ಯಾಕಮ್ಮ ಅಂಟಿಸ್ಲಿಲ್ಲ? ಹಾಲಲ್ಲಿ ಇಡ್ಬೇಕು ಅಂತ ಆಗ ಯಾರಿಗೂ ಗೊತ್ತಿರ್ಲಿಲ್ವಾ?"

"ಒಬ್ಬರಿಗೆ ಗೊತ್ತಿತ್ತು ಕಣೇ" ಎಂದೆ. "ಅವರನ್ನ ನಾನೇ ಬೀದಿ ಬಿಡಿಸ್ಬುಟ್ಟೆ."