ಮನಿಯವರು ಬೈತಾರ

ನಮ್ಮ ಮಗಳು ಸರೋಜಾಳಿಗೆ ಬಂದಿದ್ದ ರಬಕವಿಯ ಸಂಬಂಧ ಮುರಿದದ್ದು ನನ್ನ ಬಾಯಿಂದಲೇ. ರೀ, ಇಷ್ಟು ವರ್ಷ ಇದನ್ನು ನಿಮಗೆ ಹೇಳಲಿಲ್ಲ.

ಸೀರೆ ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಜಮಖಂಡಿಯಲ್ಲಿ ಇರಲಿಲ್ಲ ಎಂದು ನೀವೇ ಹೆಮ್ಮೆಪಡುತ್ತಿದ್ದಿರಿ. ಓಣಿಯ ಹೆಂಗಸರು ಸೀರೆ ತರಲು ಬನಹಟ್ಟಿಗೆ ಹೊರಟರೆ ನನ್ನನ್ನು ಮುಂದೆ ಮಾಡಿಕೊಂಡೇ ಹೋಗುತ್ತಿದ್ದರು. ನನ್ನ ಉಪಾಯ ಮಾತ್ರ ನಿಮಗೆ ತಿಳಿಯದು. ಸೀರೆಯನ್ನು ಮಡಿಲಲ್ಲಿ ಹರವಿಕೊಂಡು ಸೆರಗು ಸವರುತ್ತಿದ್ದೆ — ಮನಸ್ಸಾಗಿದೆ ಎಂದು ಅಂಗಡಿಯವನಿಗೆ ಕಾಣಬೇಕು. ಬೆಲೆ ಕೇಳಿದೊಡನೆ ಮುಖ ಸಣ್ಣದು ಮಾಡಿ, ಮಡಚಿಟ್ಟು, ಮೆಲ್ಲಗೆ ಒಂದೇ ಮಾತು: "ಬ್ಯಾಡ್ರಿ ಅಣ್ಣಾರ, ಇಷ್ಟ ಕೊಟ್ರ ಮನಿಯವರು ಬೈತಾರ."

ಎಲ್ಲ ಹೆಂಗಸರೂ ಆಡುವ ಮಾತೇ. ಅಷ್ಟಕ್ಕೇ ನಿಲ್ಲಿಸಬಹುದಿತ್ತಲ್ಲ — ನಿಲ್ಲಿಸಲಿಲ್ಲ. ಬೈಯುವ ಮಾತು ಫಲ ಕೊಟ್ಟಿತೆಂದು ಮುಂದಿನ ಸಲ, ಉಣ್ಣುವ ತಾಟು ಎಸೆಯುತ್ತಾರೆ ಎಂದೆ. ಆಮೇಲೊಂದು ದೀಪಾವಳಿಗೆ ಕಣ್ಣೊರೆಸಿಕೊಳ್ಳುತ್ತ, ಕೈಯೂ ಮಾಡುತ್ತಾರೆ ಎಂದುಬಿಟ್ಟೆ. ಅಂಗಡಿಯ ರುದ್ರಪ್ಪ ಸೀರೆಯನ್ನು ನನ್ನ ಕಡೆಗೇ ಸರಿಸಿದ. "ನನಗೇನೂ ಉಳೀದಿದ್ರೂ ನಡೀತೈತಿ, ತಗೊಂಡ ಹೋಗ ತಂಗಿ" ಎಂದ. ನಾನು ಬಸ್ಸಿನಲ್ಲಿ ಕೂತು ನಕ್ಕೆ. ಸಾರಿಗೆ ಉಪ್ಪು ಮರೆತರೆ ಸದ್ದಿಲ್ಲದೆ ತಾವೇ ಹಾಕಿಕೊಂಡು ಉಣ್ಣುವ ನೀವು — ನನ್ನದೊಂದು ಸೀರೆಗಾಗಿ ಹೆಂಡತಿಯನ್ನು ಹೊಡೆಯುವವರಾದಿರಿ.

ಆ ವರನ ಕಡೆಯವರು ರುದ್ರಪ್ಪನ ಬಳಗವಂತೆ. ನನಗೇನು ಗೊತ್ತು — ಗೊತ್ತಿದ್ದರೂ ಏನು ಮಾಡುತ್ತಿದ್ದೆನೋ. ಒಪ್ಪಿಗೆ ತರುತ್ತೇನೆಂದು ಹೋಗಿದ್ದ ಹಿರಿಯರು ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದರು: "ಹುಡುಗಿ ಛಲೋ ಅದಾಳಂತ್ರಿ. ಆದ್ರ ಹೆಣ್ಮಕ್ಕಳ ಮ್ಯಾಲ ಕೈ ಮಾಡೋರ ಮನೀ ಬೀಗತನ ಬ್ಯಾಡ ಅಂದ್ರು."

ಅವರು ಹೋದ ಮೇಲೂ ನೀವು ಕೂತಲ್ಲಿಂದ ಏಳಲಿಲ್ಲ. "ನಾ ಯಾರಿಗಿ ಏನ ಅಂದೇನಿ?" ಎಂದು ನನ್ನನ್ನೇ ಕೇಳಿದಿರಿ. ನಾನು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಸರೋಜಾ ಮುಧೋಳದ ಗಂಡನ ಮನೆಯಲ್ಲಿ ಸುಖವಾಗಿದ್ದಾಳೆ, ನಿಜ. ಆದರೆ ನೀವು — ಅಂದಿನಿಂದ ನೆಂಟರ ಮುಂದೆ ಇನ್ನೂ ಮೆಲ್ಲಗೆ ಮಾತಾಡುತ್ತೀರಿ, ಮೊಮ್ಮಗಳು ರಸ್ತೆಗೆ ಓಡಿದರೂ ದನಿ ಎತ್ತಿ ಕರೆಯುವುದಿಲ್ಲ. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿದೆ. ನಿಮ್ಮ ಮೇಲೂ ಸಿಟ್ಟು ಬರುತ್ತದೆ. ಒಂದೇ ಒಂದು ಸಲ ನನ್ನನ್ನು ಬೈದಿದ್ದರೆ ನನ್ನ ಸುಳ್ಳಿನಲ್ಲಿ ಕಾಳಷ್ಟಾದರೂ ನಿಜ ಇರುತ್ತಿತ್ತು — ಬಿಡಿ, ಇದೂ ನೆವವೇ.

ನಾಳೆ ಬನಹಟ್ಟಿಗೆ ಹೋಗಿ ರುದ್ರಪ್ಪನಿಗೆ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೂ ಮೊದಲು ನಿಮಗೆ. ಯಾರಿಗೆ ಏನು ಅಂದೆ ಎಂದು ಅವತ್ತು ಕೇಳಿದಿರಲ್ಲ — ನೀವು ಯಾರಿಗೂ ಏನೂ ಅಂದಿಲ್ಲ. ಅಂದವಳು ನಾನು.